ಏಳು ನಲವತ್ತರ ಪದಬಂಧ

"ಮೇಡಂ, ಇವರು ಸತ್ತಿದ್ದು ಹೋದ ಗುರುವಾರ ಅಲ್ಲ," ಎಂದ ದಫೇದಾರ. "ನಾಲ್ಕು ತಿಂಗಳಿಂದ ದಿನಾ ಸ್ವಲ್ಪ ಸ್ವಲ್ಪ ಸಾಯ್ತಾ ಇದ್ದರು."

ಇನ್‌ಸ್ಪೆಕ್ಟರ್ ಕೈಯಲ್ಲಿದ್ದ ಕಾಗದದಿಂದ ತಲೆ ಎತ್ತಿದಳು.

ಠಾಣೆಯ ಹಿಂದಿನ ಕೋಣೆಯ ಮೇಜಿನ ಮೇಲೆ ಮೂರು ಉದ್ದನೆಯ ನೋಟುಪುಸ್ತಕಗಳು ಬಿಚ್ಚಿಕೊಂಡು ಬಿದ್ದಿದ್ದವು. ಪುಟಪುಟಕ್ಕೂ ಅಂಟು ಹಚ್ಚಿ ಪತ್ರಿಕೆಯ ತುಂಡು ಮೆತ್ತಿದ್ದರಿಂದ ಒಂದೊಂದೂ ನೀರು ಕುಡಿದ ಹಾಗೆ ಊದಿಕೊಂಡಿತ್ತು. ಒಂದೊಂದು ತುಂಡೂ ಒಂದೊಂದು ದಿನದ ಪದಬಂಧ. ಪಕ್ಕದಲ್ಲಿ ನೀಲಿ ಶಾಯಿಯಲ್ಲಿ ತಾರೀಖು, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ಜೊತೆಗೆ ಒಂದೆರಡು ಸಾಲಿನ ಷರಾ.

ಬರೆದವರಿಗೆ ಎಪ್ಪತ್ತೊಂದು ವರ್ಷವಾಗಿತ್ತು. ನಲವತ್ತು ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದಿ ನಿವೃತ್ತರಾದವರು. ಅಚ್ಚುಕೂಟದವರು ಪ್ರೀತಿಯಿಂದಲೋ ಸಿಟ್ಟಿನಿಂದಲೋ 'ಕಾಗುಣಿತ' ಎಂದು ಹೆಸರಿಟ್ಟಿದ್ದರು. ಬೀದಿಯವರಿಗೂ ಅದೇ ಹೆಸರಾಯಿತು. ಹೃದಯ ನಿಂತು ಸತ್ತರೆಂದು ಡಾಕ್ಟರು ಬರೆದುಕೊಟ್ಟಿದ್ದರೂ ಇನ್‌ಸ್ಪೆಕ್ಟರ್ ಹಠ ಹಿಡಿದು ರಕ್ತ ಪರೀಕ್ಷೆಗೆ ಕಳಿಸಿದ್ದಳು. ಅದರ ತುಂಬ ನಿದ್ದೆ ಔಷಧಿ ಇದೆಯೆಂದು ನಿನ್ನೆ ಸಂಜೆ ವರದಿ ಬಂದಿತ್ತು.

ಹಠಕ್ಕೆ ಕಾರಣವಿತ್ತು. ಬರುವ ಶುಕ್ರವಾರ ಕಾಗುಣಿತ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾಗಿತ್ತು.

ಒಂದು ವರ್ಷದ ಹಿಂದೆ, ಬೆಳಿಗ್ಗೆ ಆರು ಮುಕ್ಕಾಲಿಗೆ, ಅವರು ಬಾಲ್ಕನಿಯಲ್ಲಿ ಪತ್ರಿಕೆಗೆ ಕಾಯುತ್ತ ನಿಂತಿದ್ದರು. ಕೆಳಗೆ ನಾಲ್ಕು ರಸ್ತೆ ಕೂಡುವಲ್ಲಿ ಒಂದು ಕಾರು, ಶಾಲೆಗೆ ಹೊರಟಿದ್ದ ಟೀಚರೊಬ್ಬಳನ್ನು ಗುದ್ದಿ ಇಪ್ಪತ್ತು ಮಾರು ಎಳೆದುಕೊಂಡು ಹೋಗಿ ನಿಂತಿತು. ಕಾರು ದೊಡ್ಡ ಗುತ್ತಿಗೆದಾರನೊಬ್ಬನದು. ಓಡಿಸುತ್ತಿದ್ದವನು ನಾನೇ ಎಂದು ಅವನ ಸಂಬಳದ ಡ್ರೈವರ್ ಬಂದು ತಪ್ಪೊಪ್ಪಿಕೊಂಡ. ಆದರೆ ಡ್ರೈವರ್ ಬದಿಯ ಬಾಗಿಲು ತೆರೆದು ಇಳಿದವನು ಗುತ್ತಿಗೆದಾರನ ಮಗ. ಕಾಗುಣಿತ ಅದನ್ನು ಕಣ್ಣಾರೆ ಕಂಡಿದ್ದರು.

ಅವರ ಮನೆಯಲ್ಲಿ ಕೂತು, ಚಹಾ ಕುಡಿದು, ಸಾಕ್ಷಿ ಹೇಳಲು ಒಪ್ಪಿಸಿದವಳು ಇದೇ ಇನ್‌ಸ್ಪೆಕ್ಟರ್.

"ಒಗಟು ಬೇಡ ದಫೇದಾರ್ರೇ. ಬಿಡಿಸಿ ಹೇಳಿ."

ದಫೇದಾರ ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡ. ಅವನಿಗೂ ಪದಬಂಧದ ಹುಚ್ಚು. ಠಾಣೆಗೆ ಬರುವ ಪತ್ರಿಕೆಯ ಏಳನೇ ಪುಟವನ್ನು ಇಡಿಯಾಗಿ ಕಂಡವರು ಯಾರೂ ಇರಲಿಲ್ಲ.

"ಇದು ಐದು ತಿಂಗಳ ಹಿಂದಿನದು. ಓದಿ."

ಆರು ಐವತ್ತರಿಂದ ಏಳು ಹದಿಮೂರು. 'ಸಲೀಸು. ಬರೆದವನು ಅವಸರದಲ್ಲಿದ್ದ.'

ಮರುದಿನ. ಆರು ಐವತ್ತರಿಂದ ಏಳು ಮೂವತ್ತು. 'ಭಲೇ! ಬೆವರಿಳಿಸಿದ. ಬಲಮೂಲೆ ಕಬ್ಬಿಣದ ಕಡಲೆ.'

ಅದರ ಮರುದಿನ. 'ಮೇಲಿನಿಂದ ಕೆಳಕ್ಕೆ ಹನ್ನೊಂದರಲ್ಲಿ ಅಚ್ಚಿನ ತಪ್ಪು. ನಾನಿದ್ದಾಗ ಹೀಗಿರಲಿಲ್ಲ.'

ಇನ್‌ಸ್ಪೆಕ್ಟರ್ ತುಟಿಯಲ್ಲಿ ನಗು ಬಂದು ಅಲ್ಲೇ ಸತ್ತಿತು. ಆ ದನಿ ಅವಳಿಗೆ ಗೊತ್ತಿತ್ತು. ಅವಳು ಬರೆದುಕೊಂಡ ಹೇಳಿಕೆಯಲ್ಲೂ ಅವರು ಏಳು ತಪ್ಪು ತಿದ್ದಿಸಿದ್ದರು.

"ಈ ಹುಚ್ಚೇ ಹೀಗೆ ಮೇಡಂ. ಒಂದು ದಿನ ಇಪ್ಪತ್ತು ನಿಮಿಷಕ್ಕೆ ಮುಗಿಸಿ, ನನ್ನಂಥೋನಿಲ್ಲ ಅಂತ ಎದೆ ಉಬ್ಬಿಸ್ಕೊಂಡು ಓಡಾಡ್ತೀವಿ. ಮರುದಿನ ಮೂರಕ್ಷರದ ಪದ ನಾಲಿಗೆ ತುದೀಲಿ ಕೂತು ಆಟ ಆಡಿಸುತ್ತೆ. ಊಟ ಸೇರಲ್ಲ, ಹೆಂಡತಿ ಮೇಲೆ ರೇಗ್ತೀವಿ. ಏರೋದು ಇಳಿಯೋದು ಇದ್ದಿದ್ದೇ. ಆದ್ರೆ ಅದಕ್ಕೊಂದು ಗೊತ್ತುಗುರಿ ಇರಲ್ಲ. ಇಲ್ಲಿ ಇದೆ."

ಅವನು ಹಳೆಯ ಕಾಗದವೊಂದರ ಹಿಂಬದಿಯಲ್ಲಿ ಗೆರೆ ಎಳೆದಿದ್ದ: ಬೇಗ ಮುಗಿದ ದಿನ ಮೇಲಕ್ಕೆ, ಒದ್ದಾಡಿದ ದಿನ ಕೆಳಕ್ಕೆ. ಗೆರೆ ಒಂದು ವಾರ ಏರಿತ್ತು, ಒಂದು ವಾರ ಇಳಿದಿತ್ತು. ಮತ್ತೆ ಏರಿತ್ತು, ಮತ್ತೆ ಇಳಿದಿತ್ತು.

"ನಾಲ್ಕು ತಿಂಗಳ ಹಿಂದೆ ಶುರು. ಸೋಮವಾರದಿಂದ ಭಾನುವಾರದ ತನಕ ಒಂದೂವರೆ ಗಂಟೆ, ಎರಡು ಗಂಟೆ. ಖಾಲಿ ಚೌಕಗಳು, ತಪ್ಪು ಅಕ್ಷರಗಳು. ಮುಂದಿನ ಸೋಮವಾರ ನೋಡಿದ್ರೆ ಮತ್ತೆ ಇಪ್ಪತ್ತೈದು ನಿಮಿಷ! ಅದರ ಮುಂದಿನ ವಾರ ಮತ್ತೆ ಬಾವಿಗೆ ಬಿದ್ದ ಹಾಗೆ."

"ಪದಬಂಧ ಬರೆಯೋರೇ ವಾರ ಬಿಟ್ಟು ವಾರ ಕಷ್ಟ ಮಾಡ್ತಿದ್ರೇನೋ?"

"ಅದೇ ಪದಬಂಧ ನಾನೂ ಬಿಡಿಸಿದೀನಿ ಮೇಡಂ. ಇವರು ಎರಡು ಗಂಟೆ ಒದ್ದಾಡಿದ್ದನ್ನ ನಾನು ನಲವತ್ತು ನಿಮಿಷಕ್ಕೆ ಮುಗಿಸಿದೀನಿ. ಇವರ ಮುಂದೆ ನಾನು ಯಾವ ಗಿಡದ ತಪ್ಪಲು?"

ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಂಡು ಪುಸ್ತಕವನ್ನು ತನ್ನತ್ತ ತಿರುಗಿಸಿಕೊಂಡಳು. ಇಳಿದ ವಾರಗಳ ಪುಟಗಳಲ್ಲಿ ಅಕ್ಷರಗಳು ಚೌಕದ ಗೆರೆ ದಾಟಿ ಆಚೀಚೆ ಬಿದ್ದಿದ್ದವು.

ಒಂದು ಸುಳಿವು: 'ದರ್ಜಿಯ ಕೈಯಲ್ಲಿ ಕಚಕಚ ಎನ್ನುವುದು (೩).' ಮೂರು ಚೌಕಗಳಲ್ಲಿ ಮೊದಲನೆಯದರಲ್ಲಿ 'ಕ' ಮಾತ್ರ ಇತ್ತು. ಪಕ್ಕದಲ್ಲಿ ಷರಾ: 'ಒಂದು ಗಂಟೆ ಐವತ್ತು ನಿಮಿಷ. ಕೈಬಿಟ್ಟೆ. ಪುಸ್ತಕಕ್ಕೆ ಅಂಟಿಸಲು ಇದನ್ನು ಕತ್ತರಿಸುತ್ತಿದ್ದಾಗ ಕೈಯಲ್ಲಿರುವ ವಸ್ತುವಿನ ಹೆಸರು ನೆನಪಾಯಿತು. ಕತ್ತರಿ. ನನಗೇನಾಗುತ್ತಿದೆ?'

ಇನ್ನೊಂದು ಪುಟ: 'ಲ ಬರೆಯುವಲ್ಲಿ ಳ ಬರೆದಿದ್ದೇನೆ. ನಾನು! ಯಾರಿಗೂ ತೋರಿಸಬಾರದು.'

ಮತ್ತೊಂದು: 'ಆರು ಚೌಕ ಖಾಲಿ. ಮಗಳಿಗೆ ಹೇಳಲಿಲ್ಲ. ಪಾಪ, ಅವಳಿಗೆ ತನ್ನದೇ ಸಾಕಷ್ಟಿದೆ.'

ದಫೇದಾರ ಕೈಚಾಚಿ ಕೊನೆಯ ಪುಟಗಳನ್ನು ತಿರುವಿದ.

"ಕೊನೆಯ ಹನ್ನೊಂದು ದಿನ ಮಾತ್ರ ಬೇರೆ ಥರ," ಎಂದ ದಫೇದಾರ ಮೆಲ್ಲಗೆ. "ಅಲ್ಲಿ ಏರೋದೇ ಇಲ್ಲ. ಪೂರ್ತಿ ಕತ್ತಲೆ. ಕೊನೇ ಗುರುವಾರದ್ದು ನೋಡಿ."

ನಾಲ್ಕು ಪದ ತುಂಬಿತ್ತು. ಐದನೆಯದರಲ್ಲಿ ಒಂದೇ ಅಕ್ಷರ. ಅಲ್ಲಿಂದ ಪೆನ್ನಿನ ಗೆರೆ ಜಾರಿ, ಕಪ್ಪು ಚೌಕಗಳನ್ನು ದಾಟಿ, ಪತ್ರಿಕೆಯ ಅಂಚಿನವರೆಗೆ ಹೋಗಿತ್ತು. ಆ ಒಂದು ತುಂಡನ್ನು ಅಂಟಿಸಿದವರು ಕಾಗುಣಿತ ಅಲ್ಲ, ಪೊಲೀಸರು. ಮುಗಿಸಿದ ಹೊತ್ತು ಬರೆದಿರಲಿಲ್ಲ.

"ಇನ್ನೊಂದು ವಿಷಯ ಮೇಡಂ. ಈ ಹನ್ನೊಂದು ದಿನವೂ ಶುರು ಮಾಡಿದ್ದು ಏಳು ನಲವತ್ತಕ್ಕೆ. ಅದಕ್ಕೆ ಮುಂಚೆ ವರ್ಷಗಟ್ಟಲೆ ಆರು ಐವತ್ತು. ಪತ್ರಿಕೆ ಬಿದ್ದ ಸದ್ದಿಗೆ ಪೆನ್ನು ಹಿಡಿಯೋ ಮನುಷ್ಯ ಐವತ್ತು ನಿಮಿಷ ಕೈಕಟ್ಟಿ ಕೂರ್ತಾರಾ? ನಾನಾಗಿದ್ರೆ ಮನೆಗೆ ಬೆಂಕಿ ಬಿದ್ದಿದ್ರೂ ಕೂರ್ತಿರಲಿಲ್ಲ."

"ಔಷಧಿ ಜಾಸ್ತಿಯಾಗಿ ಎದ್ದಿದ್ದೇ ತಡ ಆಗಿರಬೇಕು," ಎಂದಳು ಇನ್‌ಸ್ಪೆಕ್ಟರ್. ಅವಳ ಕಣ್ಣು ಏರಿಳಿದ ಗೆರೆಯ ಮೇಲೆಯೇ ಇತ್ತು. "ಸೋಮವಾರದಿಂದ ಭಾನುವಾರ. ವಾರ ಬಿಟ್ಟು ವಾರ ಬದಲಾಗೋದು ಏನು ದಫೇದಾರ್ರೇ?"

ದಫೇದಾರನಿಗೆ ಯೋಚಿಸಬೇಕಾಗಲಿಲ್ಲ. ಮೂವತ್ತು ವರ್ಷದಿಂದ ಅವನ ಬದುಕೂ ಹಾಗೆಯೇ ಬದಲಾಗುತ್ತಿತ್ತು.

"ಪಾಳಿ," ಎಂದ.

ಆ ಮನೆಯಲ್ಲಿ ಕಾಗುಣಿತರ ಜೊತೆ ಇದ್ದದ್ದು ಒಬ್ಬಳೇ ಮಗಳು. ದೊಡ್ಡ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ.

*

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಔಷಧಿ ಉಗ್ರಾಣದ ಮೇಲ್ವಿಚಾರಕಿ, ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಡ್ಯೂಟಿ ಪಟ್ಟಿಗಳ ಕಂತೆಯನ್ನೇ ಕಿತ್ತು ಕೊಟ್ಟಳು.

ಒಂದು ವಾರ ಬೆಳಗಿನ ಪಾಳಿ: ಐದೂವರೆಗೆ ಮನೆ ಬಿಡಬೇಕು. ಒಂದು ವಾರ ಮಧ್ಯಾಹ್ನದ ಪಾಳಿ: ಬೆಳಿಗ್ಗೆ ಪೂರ್ತಿ ಮನೆಯಲ್ಲಿ. ದಫೇದಾರ ತನ್ನ ಗೆರೆಯ ಕಾಗದವನ್ನು ಪಕ್ಕದಲ್ಲಿಟ್ಟು ಬೆರಳಿನಿಂದ ಒಂದೊಂದೇ ವಾರ ಒತ್ತುತ್ತ ಹೋದ. ಮಗಳು ಬೆಳಿಗ್ಗೆ ಮನೆಯಲ್ಲಿದ್ದ ವಾರಗಳಲ್ಲೆಲ್ಲ ಅಪ್ಪನ ತಲೆ ಮಂಜು. ಅವಳು ಕೆಲಸಕ್ಕೆ ಹೋದ ವಾರಗಳಲ್ಲೆಲ್ಲ ಅಪ್ಪ ಚುರುಕು.

ಮಂಜಿನ ಎಂಟಕ್ಕೆ ಎಂಟು ವಾರವೂ ಸರಿಹೊಂದಿತು.

ಆಮೇಲೆ ಹೊಂದಲಿಲ್ಲ. ಕೊನೆಯ ಹನ್ನೊಂದು ದಿನ ಶುರುವಾದ ಸೋಮವಾರ, ಪಟ್ಟಿಯಲ್ಲಿ ಅವಳಿಗೆ ಮಧ್ಯಾಹ್ನದ ಪಾಳಿ ಅಚ್ಚಾಗಿತ್ತು. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು 'ಬೆಳಗಿನದು' ಎಂದು ಬರೆದಿದ್ದರು.

"ಅವಳಾಗೇ ಬಂದು ಕೇಳ್ಕೊಂಡಳು," ಎಂದಳು ಮೇಲ್ವಿಚಾರಕಿ. "ಇನ್ಮೇಲೆ ನನಗೆ ಯಾವಾಗಲೂ ಬೆಳಗಿನ ಪಾಳಿನೇ ಹಾಕಿ ಅಂತ. ಬೆಳಗಿಂದು ಬೇಡ ಅಂತ ಎಲ್ಲರೂ ನನ್ನ ತಲೆ ತಿಂತಾರೆ. ಬೇಕು ಅಂದಿದ್ದು ಇವಳೊಬ್ಬಳೇ. ಅದಕ್ಕೇ ನೆನಪಿದೆ."

ಮೆಟ್ಟಿಲು ಹತ್ತುವಾಗ ದಫೇದಾರ ತಲೆ ಕೆರೆದುಕೊಂಡ. "ಕೊನೆಯ ಹನ್ನೊಂದು ದಿನ ಆ ಹುಡುಗಿ ಬೆಳಿಗ್ಗೆ ಮನೇಲೇ ಇರಲಿಲ್ಲವಲ್ಲ ಮೇಡಂ."

"ಫ್ಲಾಸ್ಕಿನಲ್ಲಿ ಚಹಾ ಮಾಡಿಟ್ಟು ಹೋಗಬಹುದು. ಸಾಯೋ ಹೊತ್ತಿಗೆ ನಾನು ಮನೇಲಿರಲಿಲ್ಲ ಅಂತ ಹೇಳೋಕೆ ಪಾಳಿ ಬದಲಾಯಿಸಿಕೊಂಡಿದ್ದಾಳೆ."

ಹಾಗೆಂದಳೇ ಹೊರತು ಅವಳ ದನಿಯಲ್ಲಿ ಗೆದ್ದವರ ಹುರುಪಿರಲಿಲ್ಲ. ಸ್ವಂತ ಮಗಳು.

*

ಎರಡನೇ ಮಹಡಿಯ ಮನೆ. ಬಾಗಿಲು ತೆರೆದವಳಿಗೆ ಮೂವತ್ತಾರು ವರ್ಷವಿರಬೇಕು. ಐದು ದಿನದಲ್ಲಿ ಇನ್ನೂ ಹತ್ತು ಕೂಡಿಕೊಂಡ ಹಾಗಿತ್ತು. ಗಂಡನ ಮನೆ ಬಿಟ್ಟು ಬಂದು ಎಂಟು ವರ್ಷ. ಅಂದಿನಿಂದ ಅಪ್ಪನಿಗೆ ಅವಳು, ಅವಳಿಗೆ ಅಪ್ಪ.

ಬಾಲ್ಕನಿಗೆ ತಾಗಿ ಅಪ್ಪನ ಮೇಜು ಹಾಗೆಯೇ ಇತ್ತು. ಅಂಟಿನ ಬಾಟಲಿ, ಭೂತಗನ್ನಡಿ, ಬೆನ್ನು ಕಿತ್ತು ದಪ್ಪ ಕಾಗದದ ಹೊದಿಕೆ ಹಾಕಿಸಿಕೊಂಡ ನಿಘಂಟು. ಕೆಳಗೆ ನಾಲ್ಕು ರಸ್ತೆಗಳಲ್ಲೂ ವಾಹನಗಳು ಹಾರನ್ನು ಹೊಡೆಯುತ್ತಿದ್ದವು.

ದಫೇದಾರ ಬಾಗಿಲ ಬಳಿ ನಿಂತ. ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಎರಡು ಕಾಗದಗಳನ್ನು ಅಕ್ಕಪಕ್ಕ ಹರಡಿದಳು.

"ಇದು ನಿಮ್ಮ ಅಪ್ಪ ಬರೆದಿಟ್ಟಿದ್ದು. ಇದು ನಿಮ್ಮ ಆಸ್ಪತ್ರೆಯವರು ಬರೆದಿಟ್ಟಿದ್ದು. ಒಂದಕ್ಕೊಂದು ಹೊಂದಿಸಿ ನೋಡಿ."

ಮಗಳು ನೋಡಿದಳು. ಬಹಳ ಹೊತ್ತು ನೋಡಿದಳು. ಅಳಲಿಲ್ಲ, ಇಲ್ಲವೆನ್ನಲಿಲ್ಲ.

"ಅರ್ಧ ಮಾತ್ರೆ," ಎಂದಳು.

"ಚಹಾದಲ್ಲಾ?"

"ಹೂಂ."

"ಯಾಕೆ?"

"ಬದುಕಿರಲಿ ಅಂತ."

ಮಗಳು ಕುರ್ಚಿಯ ಬೆನ್ನು ಹಿಡಿದುಕೊಂಡು, ಕೌಂಟರಿನಲ್ಲಿ ರೋಗಿಗೆ ಔಷಧಿ ವಿವರಿಸುವ ದನಿಯಲ್ಲಿ ಹೇಳತೊಡಗಿದಳು.

"ಐದು ತಿಂಗಳ ಹಿಂದೆ ಕೌಂಟರಿಗೆ ಒಬ್ಬ ಬಂದ. ಔಷಧಿ ಚೀಟಿ ಅಂತ ಒಂದು ಫೋಟೋ ಚಾಚಿದ. ಅಪ್ಪ ಬಾಲ್ಕನೀಲಿ ನ್ಯೂಸ್‌ಪೇಪರಿಗೆ ಕಾಯ್ತಾ ನಿಂತಿದ್ರು ಅದರಲ್ಲಿ. ಹಿಂದೆ ಏನಾದರೂ ಬರೆದಿದ್ದರೆ ನಿಮ್ಮ ಹತ್ತಿರ ತರ್ತಿದ್ದೆ. ಏನೂ ಬರೆದಿರಲಿಲ್ಲ. ವಾರ ಬಿಟ್ಟು ಇನ್ನೊಂದು ಬಂತು. ನಮ್ಮ ಮನೆ ಮೆಟ್ಟಿಲ ಮೇಲೆ ಅಪ್ಪನ ಬೆನ್ನು. ಎಷ್ಟು ಹತ್ತಿರದಿಂದ ತೆಗೆದಿದ್ದರು ಅಂದ್ರೆ, ಕಾಲರಿನ ಹೊಲಿಗೆ ಕಾಣ್ತಿತ್ತು. ಆ ಹೊಲಿಗೆ ನಾನೇ ಹಾಕಿದ್ದು."

"ನನ್ನ ಹತ್ತಿರ ಬರಬೇಕಿತ್ತು."

"ನೀವು ಅವರನ್ನ ಕೋರ್ಟಿಗೆ ಕರ್ಕೊಂಡು ಹೋಗೋರು ಮೇಡಂ. ಆಮೇಲೆ ಮನೆಗೆ ಕರ್ಕೊಂಡು ಬರಬೇಕಾದೋಳು ನಾನು."

ಇನ್‌ಸ್ಪೆಕ್ಟರಿಗೆ ಆ ಮಾತು ಕೆನ್ನೆಗೆ ಬಾರಿಸಿದ ಹಾಗಾಯಿತು. ತೋರಿಸಿಕೊಳ್ಳಲಿಲ್ಲ.

"ಮರೆವು ಬಂದಿದೆ ಅಂತ ಡಾಕ್ಟರು ಬರೆದುಕೊಟ್ಟರೆ ಕೋರ್ಟಿನವರು ಬಿಟ್ಟುಬಿಡ್ತಾರೆ," ಎಂದಳು ಮಗಳು. "ಅಪ್ಪ ಸಾಕ್ಷಿನೇ ಅಲ್ಲ ಅಂದ್ರೆ ಅವರ ಪ್ರಾಣ ಯಾರಿಗೆ ಬೇಕು? ಶುಕ್ರವಾರದ ತನಕ ಸ್ವಲ್ಪ ಮಂಕಾಗಿದ್ದರೆ ಸಾಕಾಗಿತ್ತು. ಆಮೇಲೆ ನಿಲ್ಲಿಸಿದರೆ ಅಪ್ಪ ಮತ್ತೆ ಮೊದಲಿನ ಹಾಗೇ ಆಗ್ತಿದ್ದರು. ನನಗೆ ಔಷಧಿ ಗೊತ್ತು."

"ಔಷಧಿ ಗೊತ್ತು. ಅಪ್ಪ ಗೊತ್ತಾ?"

ಇನ್‌ಸ್ಪೆಕ್ಟರ್ ನೋಟುಪುಸ್ತಕ ತೆರೆದಳು. ಇದು ಕ್ರೂರ ಎಂದು ಅವಳಿಗೆ ತಿಳಿದಿತ್ತು. ಆದರೂ ಗಟ್ಟಿಯಾಗಿ ಓದಿದಳು.

"'ಆರು ಚೌಕ ಖಾಲಿ. ಮಗಳಿಗೆ ಹೇಳಲಿಲ್ಲ. ಪಾಪ, ಅವಳಿಗೆ ತನ್ನದೇ ಸಾಕಷ್ಟಿದೆ.'"

ಮಗಳ ಕೈ ಕುರ್ಚಿಯಿಂದ ಜಾರಿತು. ಅವಳು ನೆಲದ ಮೇಲೆ ಕುಸಿದು, ಮೇಜಿನ ಕಾಲಿಗೆ ಹಣೆ ಒತ್ತಿಕೊಂಡಳು. ದಫೇದಾರ ಬೇರೆ ಕಡೆ ಮುಖ ತಿರುಗಿಸಿದ.

"ಅವರಿಗೆ ಗೊತ್ತಾಗೋಗಿತ್ತು ಅನ್ಸುತ್ತೆ," ಎಂದಳು ಮಗಳು, ಕೂತಲ್ಲಿಂದಲೇ. "ಒಂದಿನ ನಗ್ತಾ ಹೇಳಿದರು. 'ವಿಚಿತ್ರ ನೋಡಮ್ಮ, ನೀನು ಬೆಳಿಗ್ಗೆ ಕೆಲಸಕ್ಕೆ ಹೋದ ವಾರವೆಲ್ಲ ನನ್ನ ತಲೆ ಚೆನ್ನಾಗಿರುತ್ತೆ. ನೀನು ಮಾಡೋ ಚಹಾ ಬಿಟ್ಟರೆ ಹುಷಾರಾಗ್ತೀನೋ ಏನೋ' ಅಂತ. ತಮಾಷೆಗೇ ಅಂದಿದ್ದು. ಆದ್ರೆ ನನ್ನ ಮುಖ ನೋಡಲಿಲ್ಲ. ಅವತ್ತೇ ನಿಲ್ಲಿಸಿದೆ. ಬೆಳಿಗ್ಗೆ ಅವರ ಚಹಾ ಮಾಡೋಕೆ ನನ್ನ ಕೈಗೇ ಧೈರ್ಯ ಇರಲಿಲ್ಲ. ಅದಕ್ಕೇ ಪಾಳಿ ಬದಲಾಯಿಸಿಕೊಂಡೆ."

"ನಿಲ್ಲಿಸಿದ ಮೇಲೆ ಇನ್ನೂ ಜಾಸ್ತಿ ಆಗಿದೆ. ನೋಡಿ, ಹನ್ನೊಂದು ದಿನ. ಫ್ಲಾಸ್ಕಿನಲ್ಲಿ ಏನು ಹಾಕಿಟ್ಟು ಹೋಗ್ತಿದ್ರಿ?"

"ನಮ್ಮ ಮನೇಲಿ ಫ್ಲಾಸ್ಕ್ ಇಲ್ಲ ಮೇಡಂ."

"ಸುಳ್ಳು ಹೇಳಬೇಡಿ!"

ಮಗಳು ಎದ್ದು ಒಳಗೆ ಹೋದಳು. ದಫೇದಾರನೂ ಹಿಂದೆ ಹೋದ. ಬರುವಾಗ ಅವಳ ಕೈಯಲ್ಲಿ ಮಾತ್ರೆಯ ಮೂರು ಪಟ್ಟಿಗಳಿದ್ದವು.

"ಮೂವತ್ತು ತಂದಿದ್ದೆ. ಎಂಟು ವಾರ, ಐವತ್ತಾರು ದಿನ, ದಿನಕ್ಕೆ ಅರ್ಧ. ಇಪ್ಪತ್ತೆಂಟು ಖರ್ಚು. ಎರಡು ಉಳಿದಿವೆ. ಗುರುವಾರ ಮನೆಗೆ ಬಂದು ಅಪ್ಪ ಮೇಜಿನ ಮೇಲೆ ಒರಗಿದ್ದನ್ನ ನೋಡಿದ ಕೂಡಲೇ ಬೀರು ತೆಗೆದು ಇದನ್ನೇ ನೋಡಿದ್ದು. ಎರಡೂ ಇದ್ದವು. ಹಾಗಾದ್ರೆ ಹೊರಗೆ ಎಲ್ಲೋ ಕೊಂಡು ತಂದು ತಾವೇ ನುಂಗಿದ್ದಾರೆ ಅಂದುಕೊಂಡೆ. ತಲೆ ಹೋಗ್ತಿದೆ ಅಂತ ಅವರನ್ನ ನಂಬಿಸಿದ್ದು ನಾನೇ ಅಲ್ವಾ? ಪದಬಂಧ ಬಿಡಿಸೋಕಾಗದೆ ಅಪ್ಪ ಬದುಕ್ತಿರಲಿಲ್ಲ. ಕೊಂದಿದ್ದು ನಾನೇ. ಕರ್ಕೊಂಡು ಹೋಗಿ."

ಅವಳು ಎರಡೂ ಕೈ ಮುಂದೆ ಚಾಚಿದಳು.

ಇನ್‌ಸ್ಪೆಕ್ಟರ್ ಆ ಕೈಗಳನ್ನು ನೋಡಿದಳು, ಮಾತ್ರೆಗಳನ್ನು ನೋಡಿದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಸಾವಿರ ಸುಳ್ಳು ಕೇಳಿದ ಕಿವಿ ಅವಳದು. ಇದು ಸುಳ್ಳಾಗಿರಲಿಲ್ಲ. ಕಾಗುಣಿತರ ರಕ್ತದಲ್ಲಿದ್ದ ಔಷಧಿ ಹೊರಗಿನಿಂದ ಬಂದಿತ್ತು. ಸ್ವಲ್ಪ ಸ್ವಲ್ಪವಾಗಿ ಹತ್ತು ದಿನ, ಆಮೇಲೆ ಒಮ್ಮೆಗೇ.

ಬಾಗಿಲಿನಿಂದ ದಫೇದಾರ ಕೇಳಿದ:

"ತಂಗಿ, ಅಪ್ಪ ಇತ್ತೀಚೆಗೆ ಏಳು ನಲವತ್ತರ ತನಕ ಪದಬಂಧ ಮುಟ್ಟುತ್ತಿರಲಿಲ್ಲ. ಪೇಪರ್ ಬಿದ್ದ ಮೇಲೆ ಅಷ್ಟು ಹೊತ್ತು ಏನು ಮಾಡ್ತಿದ್ರು?"

"ಓ, ಅದಾ." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಆಗ ಸರ್ಕಾರಿ ವಕೀಲರು ಇರ್ತಿದ್ದರಲ್ಲ."

ಇನ್‌ಸ್ಪೆಕ್ಟರ್ ನೋಟುಪುಸ್ತಕ ಮುಚ್ಚಿದಳು.

"ಯಾವ ಸರ್ಕಾರಿ ವಕೀಲರು?"

"ನಮ್ಮ ಕೇಸಿನವರೇ. ಕೋರ್ಟಿನಲ್ಲಿ ಅಪ್ಪ ತಡವರಿಸಬಾರದು ಅಂತ ದಿನಾ ಬೆಳಿಗ್ಗೆ ಬಂದು ತಾಲೀಮು ಮಾಡಿಸ್ತಿದ್ದರು. ನಾನು ಕೆಲಸಕ್ಕೆ ಹೋದ ಮೇಲೆ ಬರೋರು. ಪಾಪ, ಅಷ್ಟು ದೊಡ್ಡ ಮನುಷ್ಯ, ಕೆಳಗಿನ ಅಂಗಡಿಯಿಂದ ಇಬ್ಬರಿಗೂ ಚಹಾ ತಾವೇ ಹಿಡ್ಕೊಂಡು ಹತ್ತಿ ಬರ್ತಿದ್ದರಂತೆ. ಅಪ್ಪನಿಗೆ ಅದೇ ಒಂದು ಹೆಮ್ಮೆ."

"ಗುರುವಾರ?"

"ಗುರುವಾರವೂ ಬಂದಿರಬೇಕು. ಯಾಕೆ ಮೇಡಂ?"

ಗುರುವಾರ ಈ ಮೇಜಿನ ಮೇಲೆ ಲೋಟವಾಗಲಿ ಕಪ್ಪಾಗಲಿ ಇರಲಿಲ್ಲ. ಯಾರೋ ಒಯ್ದಿದ್ದರು. ಗುರುವಾರ ಸಂಜೆ ಠಾಣೆಗೆ ಬಂದು, ವಿಷಯ ಈಗಷ್ಟೇ ತಿಳಿಯಿತು ಎಂದು ತಲೆ ಮೇಲೆ ಕೈಹೊತ್ತು ಕೂತಿದ್ದ ಮನುಷ್ಯ, ಬೆಳಿಗ್ಗೆ ಇಲ್ಲಿದ್ದೆ ಎಂದು ಬಾಯಿ ಬಿಟ್ಟಿರಲಿಲ್ಲ.

"ಅಪ್ಪನಿಗೆ ಮರೆವು ಬಂದಿದೆ ಅಂತ ಅವರಿಗೂ ಹೇಳಿದ್ರಾ?"

"ಅವರಿಗೆ ನಾನೇನು ಹೇಳೋದು? ಮರೆವಿನ ಉಪಾಯ ಹೇಳಿಕೊಟ್ಟಿದ್ದೇ ಅವರು."

"ಏನು?"

"ಫೋಟೋ ಬಂದಾಗ ಹೆದರಿ ಅವರ ಆಫೀಸಿಗೆ ಹೋಗಿದ್ದೆ. ಅಪ್ಪನ್ನ ಬಿಡಿಸಿ ಅಂತ ಕಾಲು ಹಿಡಿದೆ. 'ಕಾನೂನಿನಲ್ಲಿ ಒಂದೇ ದಾರಿ ಇದೆಯಮ್ಮ, ವಯಸ್ಸಾದವರಿಗೆ ಮರೆವು ಬರೋದು ಸಹಜ, ನಿನಗೆ ಔಷಧಿಯ ವಿಷಯ ನನಗಿಂತ ಚೆನ್ನಾಗಿ ಗೊತ್ತಿರುತ್ತೆ' ಅಂದರು. ಅಷ್ಟೇ. ಮುಂದಿನದ್ದು ನಾನೇ ಅರ್ಥ ಮಾಡಿಕೊಂಡೆ. ಮೂರು ವಾರದ ಹಿಂದೆ ಡಾಕ್ಟರ ಚೀಟಿ ಎಲ್ಲಿ ಅಂತ ಫೋನು ಮಾಡಿದ್ದರು. ಇನ್ನು ನನ್ನ ಕೈಲಾಗಲ್ಲ, ನಿಲ್ಲಿಸಿಬಿಟ್ಟೆ ಅಂದೆ. ಒಂಚೂರೂ ಬೇಜಾರು ಮಾಡಿಕೊಳ್ಳಲಿಲ್ಲ. 'ಪರವಾಗಿಲ್ಲಮ್ಮ, ಹಾಗಾದ್ರೆ ಅವರನ್ನ ನಾನೇ ಸಿದ್ಧ ಮಾಡ್ತೀನಿ' ಅಂದರು."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ತನ್ನ ಮಾತು ತನಗೇ ಕೇಳಿಸಿತು. ಕೈ ಬಾಯಿಯ ಮೇಲೆ ಹೋಯಿತು.

ದಫೇದಾರ ಇನ್‌ಸ್ಪೆಕ್ಟರ್ ಮುಖ ನೋಡಿದ. ಆ ಮುಖದಲ್ಲಿ ರಕ್ತವಿರಲಿಲ್ಲ.

ಸಾಕ್ಷಿಕಟ್ಟೆಯಲ್ಲಿ ಹೇಗೆ ನಿಲ್ಲಬೇಕು, ಎದುರಾಳಿ ರೇಗಿಸಿದಾಗ ಎಷ್ಟು ಎಣಿಸಿ ಉತ್ತರ ಕೊಡಬೇಕು ಎಂದು ಅವಳಿಗೆ ಕಲಿಸಿದವರು ಆ ವಕೀಲರು. ಅವಳು ಹೊಸಬಳಾಗಿದ್ದಾಗ, ಹೆಂಗಸು ಏನು ತನಿಖೆ ಮಾಡುತ್ತಾಳೆ ಎಂದು ಎಲ್ಲರೂ ನಕ್ಕಾಗ, ನಗದಿದ್ದವರು ಅವರೊಬ್ಬರೇ. ಅವರನ್ನು ಅವಳು ಅಣ್ಣ ಎಂದು ಕರೆಯುತ್ತಿದ್ದಳು.

ಆದರೆ ರಕ್ತ ಇಳಿದದ್ದು ಅದಕ್ಕಲ್ಲ.

"ಮೇಡಂ?" ಎಂದ ದಫೇದಾರ.

"ಆ ದಿನ ಟೀಚರನ್ನ ಗುದ್ದಿ ಕಾರು ನಿಂತಾಗ ರಸ್ತೇಲಿ ಇನ್ನೊಬ್ಬರಿದ್ದರು," ಎಂದಳು ಇನ್‌ಸ್ಪೆಕ್ಟರ್. ಅವಳ ದನಿ ಎಲ್ಲೋ ದೂರದಿಂದ ಬಂದ ಹಾಗಿತ್ತು. "ರಸ್ತೆ ಗುಡಿಸೋ ಹೆಂಗಸು. ಅವಳೂ ನೋಡಿದ್ದಾಳೆ. ಅವಳ ವಿಷಯ ಯಾವ ಕಾಗದದಲ್ಲೂ ಬರಬಾರದು ಅಂದ್ಕೊಂಡು, ಅವಳಿದ್ದಾಳೆ ಅನ್ನೋದನ್ನೇ ನಾನು ಯಾರಿಗೂ ಹೇಳಿರಲಿಲ್ಲ. ನಿಮಗೂ ಹೇಳಿರಲಿಲ್ಲ. ಎಂಟು ತಿಂಗಳ ಹಿಂದೆಯೇ ಅವಳನ್ನ ಅವಳ ತಮ್ಮನ ಮನೆಗೆ ಸಾಗಿಸಿದ್ದೆ."

"ಒಳ್ಳೇದಾಯ್ತಲ್ಲ ಮೇಡಂ. ಹಾಗಾದ್ರೆ ಕೇಸು ಬಿದ್ದುಹೋಗಿಲ್ಲ."

"ಗುರುವಾರದಿಂದ ವಕೀಲರು ಕೇಸು ಮುಳುಗಿತು, ಮುಳುಗಿತು ಅಂತ ಹಲುಬ್ತಾನೇ ಇದ್ದರು. ನೋಡೋಕಾಗಲಿಲ್ಲ. ನಿನ್ನೆ ಮಧ್ಯಾಹ್ನ ಅವರಿಗೆ ಹೇಳಿದೆ ದಫೇದಾರ್ರೇ. ಇನ್ನೊಬ್ಬಳಿದ್ದಾಳೆ, ಹೆದರಬೇಡಿ ಅಣ್ಣ ಅಂದೆ. ವಿಳಾಸ ಬರೆದುಕೊಟ್ಟೆ."

ಅವಳ ಬೆರಳುಗಳು ಫೋನಿನ ಮೇಲೆ ಎರಡು ಸಲ ತಪ್ಪು ಅಂಕಿ ಒತ್ತಿದವು. ಮೂರನೇ ಸಲ ಸರಿಯಾಯಿತು. ಆ ಕಡೆ ಗಂಟೆ ಬಾರಿಸತೊಡಗಿತು. ಮಗಳು ಗೋಡೆಗೊರಗಿ ನಿಂತಿದ್ದಳು. ದಫೇದಾರ ಆಗಲೇ ಜೀಪಿನ ಕೀಲಿ ಕೈಗೆ ತೆಗೆದುಕೊಂಡಿದ್ದ.

ಏಳನೇ ಸಲ ಬಾರಿಸಿದಾಗ ಒಬ್ಬಳು ಎತ್ತಿಕೊಂಡಳು. ಗುಡಿಸುವವಳ ತಮ್ಮನ ಹೆಂಡತಿ. ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು.

"ನಾನು ಇನ್‌ಸ್ಪೆಕ್ಟರ್ ಮಾತಾಡ್ತಿರೋದು. ನಿಮ್ಮ ಅತ್ತಿಗೆ ಕೈಗೆ ಫೋನು ಕೊಡಿ. ಬೇಗ."

"ಅತ್ತಿಗೆ ಇಲ್ವಲ್ಲ ಮೇಡಂ," ಎಂದಳು ಆ ಹೆಂಗಸು, ಅಚ್ಚರಿಯಿಂದ. "ನೀವೇ ಅಲ್ವಾ ಕಾರು ಕಳಿಸಿದ್ದು?"

"ಯಾವಾಗ? ಯಾರು ಬಂದಿದ್ದರು?"

"ಅರ್ಧ ಗಂಟೆ ಆಯ್ತು. ವಯಸ್ಸಾದೋರು, ಕರೀ ಕೋಟು. ಅತ್ತಿಗೆ ಬರಲ್ಲ ಅಂತ ಬಾಗಿಲು ಹಿಡ್ಕೊಂಡೇ ನಿಂತಿದ್ದಳು ಮೇಡಂ. ಯಾರು ಕರೆದರೂ ಹೊರಗೆ ಹೋಗಬೇಡ ಅಂತ ನೀವು ಆಣೆ ಹಾಕಿಸಿದ್ದಿರಂತೆ. ಅವರು ಒಂಚೂರೂ ಬಲವಂತ ಮಾಡಲಿಲ್ಲ. ಜೇಬಿಂದ ಚೀಟಿ ತೆಗೆದು ತೋರಿಸಿದರು. ನಮ್ಮನೆ ವಿಳಾಸ, ನೀವು ಅತ್ತಿಗೆಗೆ ನಂಬರು ಬರ್ಕೊಟ್ಟಿದ್ರಲ್ಲ, ಅದೇ ಕೈಬರಹ. ಅದನ್ನ ನೋಡಿದ ಮೇಲೇನೇ ಅವಳು ಚಪ್ಪಲಿ ಹಾಕ್ಕೊಂಡಿದ್ದು."